ಕೇಳಲು ಕಲಿತ ಪುಸ್ತಕಭಂಡಾರ

ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಹಳೆಯ ಪಟವು ತೂಗುತ್ತಿರುವುದು. ಯಾವುದೋ ಮದುವೆಯ ಕಾಲದಲ್ಲಿ ತೆಗೆಯಿಸಿದುದು. ಮುಂದಿನ ಸಾಲಿನಲ್ಲಿ ಹಿರಿಯರು ಕುರ್ಚಿಗಳ ಮೇಲೆ ಕುಳಿತಿರುವರು. ಹಿಂದೆ ಹೆಂಗಸರು ನಿಂತಿರುವರು. ಜಮಖಾನದ ಮೇಲೆ ಮಕ್ಕಳು. ಹಿಂದಿನ ಸಾಲಿನಲ್ಲಿ ಬಲಗಡೆಯಿಂದ ಮೂರನೆಯವರಾಗಿ ನಿಂತಿರುವ ಹೆಂಗಸು ಯಾರೆಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ನಮ್ಮ ಅಜ್ಜಿಯವರಿಗೆ ತಿಳಿದಿದ್ದಿತು. ಅವರು ಬದುಕಿದ್ದಷ್ಟು ಕಾಲವೂ ಆ ಪಟದ ಕೆಳಗೆಯೇ ಕುಳಿತು ಹೂ ಕಟ್ಟುತ್ತಿದ್ದರು. ಕೇಳಿದ್ದರೆ ತಲೆಯೆತ್ತದೆಯೇ ಹೇಳಿಬಿಡುತ್ತಿದ್ದರು. ನಾವು ಕೇಳಲಿಲ್ಲ.

ಇಂತಹ ಪಟವು ಯಾರ ಮನೆಯಲ್ಲಿಲ್ಲ? ನಮ್ಮ ಒಂದು ಪಟಕ್ಕೆ ಬಂದ ಗತಿಯೇ ಪ್ರಪಂಚದ ದೊಡ್ಡ ದೊಡ್ಡ ಪುಸ್ತಕಭಂಡಾರಗಳಲ್ಲಿರುವ ಅಸಂಖ್ಯಾತವಾದ ಪಟಗಳಿಗೂ ಬಂದಿರುವುದು. ಪಟವುಂಟು, ಹೆಸರಿಲ್ಲ. ಹೆಸರನ್ನು ಬಲ್ಲವರು ಯಾವುದೋ ಊರಿನ ಯಾವುದೋ ಮನೆಯಲ್ಲಿರಬಹುದು. ಅವರನ್ನು ಹುಡುಕಿ ಕೇಳುವ ಬಗೆ ಹೇಗೆ? ಕಳೆದ ಇಪ್ಪತ್ತು ವರ್ಷಗಳಲ್ಲಿ ಗ್ರಂಥಪಾಲಕರು ಅಂತರ್ಜಾಲದ ಹೊಸ ಹೊಸ ಸಾಧನಗಳನ್ನು ಕೈಗೆ ತೆಗೆದುಕೊಂಡು ಈ ಕೆಲಸವನ್ನು ಮಾಡಿದ ಕಥೆಯು ಬಹಳ ಸ್ವಾರಸ್ಯವಾಗಿರುವುದು. ಅದನ್ನು ನಮ್ಮ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಗ್ರಂಥಪಾಲಕರೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವ ಚಿತ್ರವು ಒಂದೇ. ಒಂದು ಮೇಜು, ಅದರ ಮೇಲೆ ದಪ್ಪನಾದ ರಿಜಿಸ್ಟರು, ಬೀರುಗಳ ಬೀಗದ ಕೈಗಳ ಗೊಂಚಲು, ಗೋಡೆಯ ಮೇಲೆ "ನಿಶ್ಶಬ್ದ" ಎಂಬ ಹಲಗೆ. ಪುಸ್ತಕಗಳನ್ನು ಕಾಯುವುದೇ ಅವರ ಕೆಲಸವೆಂದು ನಾವು ತಿಳಿದಿರುವೆವು. ಆದರೆ ಈ ಶಾಸ್ತ್ರದಲ್ಲಿ ನಮ್ಮ ದೇಶದ ಆಚಾರ್ಯರೆನಿಸಿದ ಶ್ರೀ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿಯೇ ತಮ್ಮ ಐದು ಸೂತ್ರಗಳಲ್ಲಿ ಇದಕ್ಕೆ ವಿರುದ್ಧವಾದ ಮಾತನ್ನು ಹೇಳಿದರು. ಅವರ ಅಭಿಪ್ರಾಯದ ಸಾರವೇನೆಂದರೆ: ಪುಸ್ತಕವಿರುವುದು ಬಳಕೆಗೇ ಹೊರತು ಬೀಗಕ್ಕಲ್ಲ, ಓದುಗನಿಗೂ ಅವನಿಗೆ ತಕ್ಕ ಪುಸ್ತಕಕ್ಕೂ ಭೇಟಿ ಮಾಡಿಸಬೇಕು, ಅವನ ಹೊತ್ತನ್ನು ಹಾಳುಮಾಡಬಾರದು, ಪುಸ್ತಕಾಲಯವು ಸದಾ ಬೆಳೆಯುತ್ತಿರುವ ಜೀವಿಯಂತಹುದು. ಅದೇ ವರ್ಷದಲ್ಲಿ ಮದರಾಸು ಪ್ರಾಂತದ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹೇರಿಕೊಂಡು ಹೋಗುವ ಏರ್ಪಾಡೂ ಆಯಿತು. ಓದುಗನು ಬಾರದಿದ್ದರೆ ಪುಸ್ತಕವೇ ಅವನ ಬಾಗಿಲಿಗೆ ಹೋಗಬೇಕೆಂಬುದು ಅದರ ತತ್ತ್ವ. ರಂಗನಾಥನ್ ಅವರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ೧೯೬೨ರಲ್ಲಿ ಅಲ್ಲಿ ಈ ಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣಗಳಿಗಾಗಿ ಒಂದು ಕೇಂದ್ರವನ್ನು ತೆರೆದು, ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು.

ಆದುದರಿಂದ ಓದುಗರಿರುವೆಡೆಗೆ ಆಯಾ ಕಾಲದ ವಾಹನವನ್ನೇರಿ ಹೋಗುವುದು ಗ್ರಂಥಪಾಲಕರಿಗೆ ಹೊಸದಾದ ಧರ್ಮವಲ್ಲ. ಅಂದು ಎತ್ತಿನ ಗಾಡಿ, ಇಂದು ಅಂತರ್ಜಾಲ. ಆದರೆ ಇವೆರಡಕ್ಕೂ ಒಂದು ಮುಖ್ಯವಾದ ಭೇದವುಂಟು. ಗಾಡಿಯು ಪುಸ್ತಕವನ್ನು ಕೊಟ್ಟು ಬರುತ್ತಿದ್ದಿತು, ಅಷ್ಟೆ. ಈಗಿನ ವಾಹನವು ಓದುಗನ ಮಾತನ್ನೂ ಹೊತ್ತು ತರಬಲ್ಲದು.

ಮೊದಮೊದಲು ಅಂತರ್ಜಾಲವೂ ಕೇವಲ ಓದುವ ವಸ್ತುವಾಗಿದ್ದಿತು. ಬಲ್ಲವರು ಬರೆದಿಡುವರು, ಮಿಕ್ಕವರು ಓದುವರು. ಸುಮಾರು ೨೦೦೪-೦೫ರ ವೇಳೆಗೆ ಈ ಸ್ಥಿತಿಯು ಮಾರ್ಪಟ್ಟಿತು. ಯಾವ ವಿಶೇಷ ವಿದ್ಯೆಯೂ ಇಲ್ಲದ ಗೃಹಸ್ಥನು ತನ್ನ ದಿನಚರಿಯನ್ನು ಬ್ಲಾಗಿನಲ್ಲಿ ಬರೆಯತೊಡಗಿದನು. ತಾನು ತೆಗೆದ ಚಿತ್ರವನ್ನು ಲೋಕಕ್ಕೆ ತೋರಿಸತೊಡಗಿದನು. ಇತರರು ಬರೆದುದರ ಕೆಳಗೆ ತನ್ನ ಅಭಿಪ್ರಾಯವನ್ನು ಸೇರಿಸತೊಡಗಿದನು. ವಿಕಿಪೀಡಿಯದಲ್ಲಿ ವಿಶ್ವಕೋಶವನ್ನೇ ಜನರು ಕೂಡಿ ಬರೆಯಲಾರಂಭಿಸಿದರು. ಇದನ್ನು ಕಂಡು ಗ್ರಂಥಪಾಲಕರ ಮನಸ್ಸಿನಲ್ಲಿ ಎರಡು ಬಗೆಯ ಯೋಚನೆಗಳು ಹುಟ್ಟಿದವು. ಎಲ್ಲಕ್ಕೂ ಉತ್ತರವು ಮನೆಯ ಕಂಪ್ಯೂಟರಿನಲ್ಲಿಯೇ ದೊರೆಯುವುದಾದರೆ ಇನ್ನು ನಮ್ಮ ಬಳಿಗೆ ಯಾರು ಬರುವರೆಂಬ ಭಯವು ಒಂದು. ಈ ಸಾಧನಗಳಿಂದ ನಮ್ಮ ಕೆಲಸವನ್ನೇ ವಿಸ್ತರಿಸಬಾರದೇಕೆಂಬ ಉತ್ಸಾಹವು ಮತ್ತೊಂದು. ೨೦೦೫ರಲ್ಲಿ ಮೈಕೇಲ್ ಕೇಸಿ ಎಂಬ ಅಮೆರಿಕದ ಗ್ರಂಥಪಾಲಕರು ಈ ಉತ್ಸಾಹಕ್ಕೆ "ಲೈಬ್ರೆರಿ ೨.೦" ಎಂಬ ಹೆಸರನ್ನು ಕೊಟ್ಟರು. ಪುಸ್ತಕಾಲಯವು ಓದುಗರ ಅಭಿಪ್ರಾಯವನ್ನು ಪಡೆದು ಎಡೆಬಿಡದೆ ತನ್ನನ್ನು ತಿದ್ದಿಕೊಳ್ಳುತ್ತಿರಬೇಕೆಂಬುದು ಆ ಹೆಸರಿನ ಅರ್ಥ.

ಹೆಸರನ್ನಿಡುವುದು ಸುಲಭ. ಮೂವತ್ತು ವರ್ಷ ಚೀಟಿಗಳನ್ನು ಜೋಡಿಸಿದ ಕೈಗೆ ಹೊಸ ವಿದ್ಯೆಯನ್ನು ಕಲಿಸುವುದು ಸುಲಭವಲ್ಲ. ಇದಕ್ಕೆ ಅಮೆರಿಕದ ಷಾರ್ಲಟ್ ನಗರದ ಸಾರ್ವಜನಿಕ ಪುಸ್ತಕಾಲಯದಲ್ಲಿ ಹೆಲೀನ್ ಬ್ಲೋವರ್ಸ್ ಎಂಬ ಮಹಿಳೆಯು ೨೦೦೬ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದರು. ಅವರು ತರಗತಿಯನ್ನು ನಡೆಸಲಿಲ್ಲ, ಉಪಾಧ್ಯಾಯರನ್ನು ನೇಮಿಸಲಿಲ್ಲ, ಪರೀಕ್ಷೆಯನ್ನೂ ಇಡಲಿಲ್ಲ. ಇಪ್ಪತ್ತಮೂರು ಚಿಕ್ಕ ಚಿಕ್ಕ ಕೆಲಸಗಳ ಒಂದು ಪಟ್ಟಿಯನ್ನು ಮಾಡಿ, ಒಂಬತ್ತು ವಾರಗಳಿಗೆ ಹಂಚಿ, ಪುಸ್ತಕಾಲಯದ ಸಿಬ್ಬಂದಿಯವರೆಲ್ಲರ ಮುಂದಿಟ್ಟರು. ನಿಮ್ಮದೇ ಒಂದು ಬ್ಲಾಗನ್ನು ತೆರೆಯಿರಿ. ಚಿತ್ರಗಳ ತಾಣವನ್ನು ಹೊಕ್ಕು ನೋಡಿರಿ. ನಿಮ್ಮ ಮನೆಯ ಪುಸ್ತಕಗಳ ಪಟ್ಟಿಯನ್ನು ಜಾಲದಲ್ಲಿ ಮಾಡಿರಿ. ವಿಕಿಯ ಒಂದು ಪುಟದಲ್ಲಿ ನಿಮ್ಮ ಮಾತನ್ನೂ ಸೇರಿಸಿರಿ. ಪಾಡ್‌ಕಾಸ್ಟ್ ಎಂಬ ಧ್ವನಿಪತ್ರಿಕೆಯನ್ನು ಹುಡುಕಿ ಕೇಳಿರಿ. ಹೀಗೆ ಸಾಗುತ್ತಿದ್ದಿತು ಆ ಪಟ್ಟಿ. ಒಂದೊಂದು ಕೆಲಸವನ್ನು ಮುಗಿಸಿದ ಮೇಲೂ ಅದರ ಅನುಭವವನ್ನು ತಮ್ಮ ಬ್ಲಾಗಿನಲ್ಲಿ ಬರೆಯಬೇಕು. ಎಲ್ಲವನ್ನೂ ಮುಗಿಸಿದವರಿಗೆ ಹಾಡು ಕೇಳುವ ಒಂದು ಪುಟ್ಟ ಯಂತ್ರವು ಬಹುಮಾನ.

ಈ ಪಾಠಗಳ ಮೊದಲಿನಲ್ಲಿ, ಬಾಳಿನುದ್ದಕ್ಕೂ ಕಲಿಯುವವರಿಗೆ ಬೇಕಾದ ಏಳೂವರೆ ಅಭ್ಯಾಸಗಳೆಂಬ ಒಂದು ಪ್ರಕರಣವಿದ್ದಿತು. ಕಡೆಯ ಆ ಅರ್ಧ ಅಭ್ಯಾಸ ಯಾವುದು ಗೊತ್ತೆ? ಆಟ! ಕೆಟ್ಟೀತೆಂಬ ಹೆದರಿಕೆಯಿಲ್ಲದೆ ಆಡುತ್ತ ಕಲಿಯಬೇಕೆಂಬುದು ಆಕೆಯ ಮತ. ಇದು ನಮ್ಮ ಗೃಹಿಣಿಯರಿಗೆ ವಿವರಿಸಿ ಹೇಳಬೇಕಾದ ಮಾತಲ್ಲ. ಒಬ್ಬಟ್ಟನ್ನು ತಟ್ಟುವುದನ್ನು ಪುಸ್ತಕ ನೋಡಿ ಕಲಿತವರುಂಟೆ? ಮೊದಲನೆಯದು ಹರಿಯುವುದು, ಎರಡನೆಯದು ಸೀಯುವುದು, ಮೂರನೆಯದು ಒಬ್ಬಟ್ಟಾಗುವುದು. ಹರಿದುದನ್ನು ಕಂಡು ನಗದೆ ಪಕ್ಕದಲ್ಲಿ ನಿಲ್ಲುವವರೊಬ್ಬರಿದ್ದರೆ ಸಾಕು. ಷಾರ್ಲಟ್ ನಗರದಲ್ಲಿ ಆದುದೂ ಇದೇ. ಮೇಲಧಿಕಾರಿಯ ಮುಂದೆ ತನ್ನ ಅಜ್ಞಾನವನ್ನು ತೋರಿಸಿಕೊಳ್ಳುವ ಸಂಕೋಚವು ಯಾರಿಗೂ ಒದಗಲಿಲ್ಲ. ಪಟ್ಟಿಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದೆಂದು ಆಕೆಯು ಅನುಮತಿಯನ್ನಿತ್ತುದರಿಂದ ಅದು ಕೆಲವೇ ವರ್ಷಗಳಲ್ಲಿ ಅನೇಕ ದೇಶಗಳ ಪುಸ್ತಕಾಲಯಗಳಿಗೆ ಹಬ್ಬಿತು.

ಕಲಿತ ವಿದ್ಯೆಯ ಫಲವನ್ನು ಇನ್ನು ನೋಡೋಣ. ೨೦೦೮ನೆಯ ಜನವರಿ ೧೬ರಂದು ವಾಷಿಂಗ್ಟನ್ನಿನ ಲೈಬ್ರೆರಿ ಆಫ್ ಕಾಂಗ್ರೆಸ್ ಎಂಬ ಮಹಾಪುಸ್ತಕಾಲಯವು ತನ್ನಲ್ಲಿದ್ದ ಹಳೆಯ ಪಟಗಳಲ್ಲಿ ಸುಮಾರು ಮೂರು ಸಾವಿರವನ್ನು ಫ್ಲಿಕರ್ ಎಂಬ ಸಾರ್ವಜನಿಕ ಚಿತ್ರತಾಣದಲ್ಲಿ ಇಟ್ಟಿತು. ಅರ್ಧದಷ್ಟು ಪಟಗಳು ೧೯೧೦ರ ಸುಮಾರಿನಲ್ಲಿ ಪತ್ರಿಕೆಗಳಿಗಾಗಿ ತೆಗೆದವು. ಮಿಕ್ಕವು ೧೯೩೯ರಿಂದ ಮುಂದಿನ ಕೆಲವು ವರ್ಷಗಳ ಬಣ್ಣದ ಪಟಗಳು. ಪತ್ರಿಕೆಯ ಪಟಗಳಲ್ಲಿ ಅನೇಕವಕ್ಕೆ ಗಾಜಿನ ಫಲಕದ ಮೇಲೆ ಗೀಚಿದ್ದ ಒಂದೆರಡು ಮಾತುಗಳೇ ಆಧಾರ, ಅವುಗಳಲ್ಲಿಯೂ ತಪ್ಪುಗಳಿದ್ದವು. "ಇವರು ಯಾರು? ಬಲ್ಲವರು ಹೇಳಿರಿ" ಎಂದು ಅಷ್ಟು ದೊಡ್ಡ ಸಂಸ್ಥೆಯು ಸಾಮಾನ್ಯ ಜನರ ಮುಂದೆ ಕೈಯೊಡ್ಡಿ ನಿಂತಿತು.

ಜನರು ಬಂದರು. ಮೊದಲ ಹತ್ತು ತಿಂಗಳುಗಳಲ್ಲಿ ಆ ಪಟಗಳನ್ನು ಒಂದು ಕೋಟಿಗೂ ಹೆಚ್ಚು ಸಲ ನೋಡಿದರು. ೭,೧೬೬ ಟಿಪ್ಪಣಿಗಳನ್ನು ಬರೆದರು. ಪಟದಲ್ಲಿ ಏನಿದೆಯೆಂದು ಸೂಚಿಸುವ ಗುರುತಿನ ಮಾತುಗಳನ್ನು ೬೭,೧೭೬ರಷ್ಟು ಸೇರಿಸಿದರು. ಒಬ್ಬನು ಹಳೆಯ ವೃತ್ತಪತ್ರಿಕೆಯ ವರದಿಯನ್ನು ಹುಡುಕಿ ದಿನಾಂಕವನ್ನು ಗೊತ್ತುಮಾಡುವನು; ಮತ್ತೊಬ್ಬನು ಕಟ್ಟಡದ ಗುರುತಿನಿಂದ ಬೀದಿಯನ್ನು ಹೇಳುವನು. ಗ್ರಂಥಪಾಲಕರು ಬಂದುದೆಲ್ಲವನ್ನೂ ಕಣ್ಣು ಮುಚ್ಚಿ ನಂಬಲಿಲ್ಲ. ಸಾಕ್ಷ್ಯವನ್ನು ಒರೆಗೆ ಹಚ್ಚಿ ನೋಡಿ, ನಿಂತುದನ್ನು ಮಾತ್ರ ತಮ್ಮ ಪಟ್ಟಿಯಲ್ಲಿ ಸೇರಿಸಿದರು. ಹಾಗೆ ತಿದ್ದಿದ ನಮೂದುಗಳು ಆ ಹತ್ತು ತಿಂಗಳಲ್ಲಿಯೇ ಐನೂರಕ್ಕೂ ಮಿಕ್ಕವು. ಬಾಗಿಲನ್ನು ತೆರೆದರೆ ಪೋಕರಿಗಳು ನುಗ್ಗಿ ಹೊಲಸು ಮಾಡುವರೆಂಬ ಭಯವು ಅನೇಕರಿಗಿದ್ದಿತು. ಅಸಭ್ಯವೆಂದು ತೆಗೆದುಹಾಕಬೇಕಾಗಿ ಬಂದುದು ಇಪ್ಪತ್ತೈದಕ್ಕೂ ಕಡಮೆ. ಮರ್ಯಾದೆಯಿಂದ ಕೇಳಿದರೆ ಜನರು ಮರ್ಯಾದೆಯಿಂದಲೇ ಉತ್ತರ ಕೊಡುವರೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಕೆ?

ಅದೇ ೨೦೦೮ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಪುಸ್ತಕಾಲಯದವರು ಬೇರೊಂದು ಕಷ್ಟವನ್ನು ಜನರ ಮುಂದಿಟ್ಟರು. ೧೮೦೩ರಿಂದ ಮುಂದಿನ ತಮ್ಮ ದೇಶದ ಹಳೆಯ ವೃತ್ತಪತ್ರಿಕೆಗಳ ಪುಟಗಳನ್ನು ಅವರು ಜಾಲದಲ್ಲಿ ತರುತ್ತಿದ್ದರು. ಪುಟದ ಚಿತ್ರವನ್ನು ನೋಡಿ ಯಂತ್ರವೇ ಅಕ್ಷರಗಳನ್ನು ಓದಿ ಬರೆದುಕೊಳ್ಳುವುದು. ಆದರೆ ಮಾಸಿದ ಕಾಗದ, ಸವೆದ ಮೊಳೆ, ಹರಡಿದ ಮಸಿ ಇವುಗಳಿಂದಾಗಿ ಯಂತ್ರವು ಒಂದನ್ನು ಮತ್ತೊಂದಾಗಿ ಓದುವುದು. ಹೆಸರು ತಪ್ಪಾದರೆ ಮೊಮ್ಮಗನು ಎಷ್ಟು ಹುಡುಕಿದರೂ ತಾತನು ಸಿಕ್ಕನು. ಆದುದರಿಂದ ಪುಟದ ಚಿತ್ರವನ್ನೂ ಯಂತ್ರದ ಓದನ್ನೂ ಅಕ್ಕಪಕ್ಕದಲ್ಲಿಟ್ಟು, ತಪ್ಪನ್ನು ಕಂಡವರು ತಿದ್ದಬಹುದೆಂದು ಬಿಟ್ಟರು. ಮೊದಲ ಆರು ತಿಂಗಳಲ್ಲಿಯೇ ಜನರು ಸುಮಾರು ಇಪ್ಪತ್ತು ಲಕ್ಷ ಸಾಲುಗಳನ್ನು ತಿದ್ದಿದರು. ಇಂದು ಟ್ರೋವ್ ಎಂಬ ಹೆಸರಿನ ಆ ತಾಣದಲ್ಲಿ ತಿದ್ದಿದ ಸಾಲುಗಳು ಕೋಟಿಗಟ್ಟಲೆಯಾಗಿರುವುವು. ಸಂಬಳವಿಲ್ಲ, ಸನ್ಮಾನವಿಲ್ಲ, ತಮ್ಮ ಊರಿನ ಹಿಂದಿನ ಸುದ್ದಿಯನ್ನು ಓದುವ ಸಂತೋಷವೇ ಕೂಲಿ. ನಮ್ಮ ಒತ್ತಕ್ಷರಗಳ ಮುಂದೆ ಯಂತ್ರವು ಇನ್ನೂ ಹೆಚ್ಚಾಗಿ ಮುಗ್ಗರಿಸುವುದೆಂಬುದನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಕನ್ನಡ ವಿಕಿಸೋರ್ಸಿನಲ್ಲಿ ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಹೀಗೆಯೇ ಚಿತ್ರದೊಡನೆ ಹೋಲಿಸಿ ತಿದ್ದುತ್ತಿರುವ ಸ್ವಯಂಸೇವಕರು ನಮ್ಮಲ್ಲಿಯೂ ಇರುವರು. ಮನೆಯಲ್ಲಿ ಕುಳಿತು ದಿನಕ್ಕೊಂದು ಪುಟವನ್ನು ತಿದ್ದುವ ಈ ಕೆಲಸವು ಕೆಲಸದಿಂದ ನಿವೃತ್ತರಾದ ಹಿರಿಯರಿಗೆ ಹೇಳಿ ಮಾಡಿಸಿದಂತಹುದು.

ಅಡಿಗೆಮನೆಗೆ ಹತ್ತಿರವಾದ ಮತ್ತೊಂದು ಸಂಗತಿಯನ್ನು ಹೇಳದೆ ಬಿಡಲಾರೆವು. ನ್ಯೂಯಾರ್ಕ್ ಸಾರ್ವಜನಿಕ ಪುಸ್ತಕಾಲಯದಲ್ಲಿ ಸುಮಾರು ನಲವತ್ತೈದು ಸಾವಿರ ಊಟದ ಪಟ್ಟಿಗಳ ಸಂಗ್ರಹವಿರುವುದು. ಹೋಟೆಲು, ಹಡಗು, ಔತಣಗಳಲ್ಲಿ ಬಡಿಸುವ ತಿನಿಸುಗಳ ಹೆಸರನ್ನೂ ಬೆಲೆಯನ್ನೂ ತಿಳಿಸುವ ಕಾಗದಗಳಿವು. ಫ್ರಾಂಕ್ ಬುಟಾಲ್ಫ್ ಎಂಬ ಹೆಸರಿನ ಮಹಿಳೆಯು ೧೯೦೦ರಿಂದ ೧೯೨೪ರಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ಬಿಡದೆ ಕೂಡಿಹಾಕಿದಳು. ಚಿತ್ತಾರದ ಅಕ್ಷರ, ಕೈಬರಹ, ಅಡ್ಡತಿಡ್ಡವಾದ ಬೆಲೆಗಳು ಇವನ್ನು ಯಂತ್ರವು ಓದಲಾರದಾಯಿತು. ೨೦೧೧ರ ಏಪ್ರಿಲಿನಲ್ಲಿ ಪುಸ್ತಕಾಲಯದವರು ಪಟ್ಟಿಗಳನ್ನು ಜಾಲದಲ್ಲಿಟ್ಟು, ಒಂದೊಂದು ತಿನಿಸಿನ ಹೆಸರನ್ನೂ ಬರೆದುಕೊಡಿರೆಂದು ಜನರನ್ನು ಬೇಡಿದರು. ಹತ್ತು ಲಕ್ಷಕ್ಕೂ ಮೀರಿದ ನಮೂದುಗಳು ಬಂದವು. ಯಾವ ತಿನಿಸು ಯಾವ ಕಾಲದಲ್ಲಿ ಬಳಕೆಗೆ ಬಂದಿತು, ಯಾವಾಗ ಮರೆಯಾಯಿತು, ಬೆಲೆಯೆಷ್ಟಿದ್ದಿತು ಎಂಬುದನ್ನೆಲ್ಲ ಇಂದು ಹುಡುಕಿ ನೋಡಬಹುದು. ಒಬ್ಬಳು ಕೂಡಿಟ್ಟುದು ಸಾವಿರಾರು ಜನರ ಕೈಯಿಂದ ಬಳಕೆಗೆ ಬಂದಿತು.

ಇಷ್ಟು ಹೇಳಿ ನಿಲ್ಲಿಸಿದರೆ ವಾಚಕರಿಗೆ ಅನ್ಯಾಯ ಮಾಡಿದಂತಾಗುವುದು. ಈ ಸಾಧನಗಳಲ್ಲಿ ತೊಡಕುಗಳೂ ಉಂಟು. ಮೊದಲನೆಯದಾಗಿ, ಇವು ಬಾಡಿಗೆಯ ಮನೆಗಳು. ಮನೆಯ ಯಜಮಾನನಿಗೆ ಬೇಡವಾದ ದಿನ ಗಂಟುಮೂಟೆ ಕಟ್ಟಬೇಕು. ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಲು ಅನೇಕ ಗ್ರಂಥಪಾಲಕರು ನೆಚ್ಚಿಕೊಂಡಿದ್ದ ಗೂಗಲ್ ರೀಡರ್ ೨೦೧೩ರಲ್ಲಿ ಮುಚ್ಚಿಹೋಯಿತು. ಗೂಗಲ್ ಪ್ಲಸ್ ೨೦೧೯ರಲ್ಲಿ ಕಣ್ಮುಚ್ಚಿತು. ಷಾರ್ಲಟ್ ನಗರದ ಪಟ್ಟಿಯಲ್ಲಿದ್ದ ಸಾಧನಗಳಲ್ಲಿಯೂ ಕೆಲವು ಈಗಿಲ್ಲ. ಹಾಗಾದರೆ ಕಲಿತುದು ವ್ಯರ್ಥವಾಯಿತೆ? ಇಲ್ಲ. ಒಲೆ ಬದಲಾದರೆ ಅಡಿಗೆಯ ಕೈ ಬದಲಾಗುವುದೆ? ಸೌದೆಯ ಒಲೆಯಲ್ಲಿ ಕಲಿತವರು ಗ್ಯಾಸಿನ ಒಲೆಯಲ್ಲಿಯೂ ಬೇಯಿಸುವರು. ಆದರೆ ಪದಾರ್ಥವನ್ನು ಬಾಡಿಗೆಯ ಮನೆಯಲ್ಲಿ ಬಿಡಬಾರದು. ಮೂಲಪ್ರತಿಯು ಪುಸ್ತಕಾಲಯದ ಸ್ವಂತ ಉಗ್ರಾಣದಲ್ಲಿಯೇ ಇರಬೇಕು.

ಎರಡನೆಯದು ಇದಕ್ಕಿಂತ ಗುರುತರವಾದುದು. ಯಾರು ಯಾವ ಪುಸ್ತಕವನ್ನು ಓದಿದರೆಂಬುದನ್ನು ಇನ್ನೊಬ್ಬರಿಗೆ ಹೇಳದಿರುವುದು ಗ್ರಂಥಪಾಲಕರ ಹಳೆಯ ವ್ರತ. ಅಮೆರಿಕದ ಗ್ರಂಥಪಾಲಕರ ಸಂಘವು ೧೯೩೯ರಲ್ಲಿಯೇ ಓದುಗರ ಸ್ವಂತ ವಿಷಯವನ್ನು ಗುಟ್ಟಾಗಿಡಬೇಕೆಂದು ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತು. ಕಾಯಿಲೆಯ ವಿಷಯವನ್ನೋ ಸಂಸಾರದ ತಾಪತ್ರಯವನ್ನೋ ಕುರಿತ ಪುಸ್ತಕವನ್ನು ಕೇಳಲು ಬಂದ ಹೆಂಗಸು ಗ್ರಂಥಪಾಲಕರನ್ನು ನಂಬಿ ಕೇಳುವಳು. ಸಾಮಾಜಿಕ ಜಾಲತಾಣಗಳ ವ್ಯಾಪಾರವಾದರೋ ಯಾರು ಏನನ್ನು ನೋಡಿದರೆಂದು ತಿಳಿಯುವುದರಿಂದಲೇ ನಡೆಯುವುದು. ಓದುಗರನ್ನು ಅಲ್ಲಿಗೆ ಕರೆದೊಯ್ಯುವ ಗ್ರಂಥಪಾಲಕರು ಈ ಮಾತನ್ನು ಮೊದಲೇ ತಿಳಿಸುವುದು ಧರ್ಮ.

ಮೂರನೆಯದು ತೀರ ಈಚಿನದು. ೨೦೨೨ರ ಕೊನೆಯಿಂದ, ಕೇಳಿದುದಕ್ಕೆಲ್ಲ ನಯವಾದ ವಾಕ್ಯಗಳಲ್ಲಿ ಉತ್ತರ ಕೊಡುವ ಯಂತ್ರಗಳು ಎಲ್ಲರ ಕೈಗೂ ಬಂದಿರುವುವು. ಅವು ತಿಳಿಯದುದನ್ನೂ ತಿಳಿದಂತೆಯೇ ಹೇಳಬಲ್ಲವು. ೨೦೨೫ರ ಮೇ ತಿಂಗಳಿನಲ್ಲಿ ಶಿಕಾಗೋ ನಗರದ ಒಂದು ದೊಡ್ಡ ದಿನಪತ್ರಿಕೆಯ ಪುರವಣಿಯಲ್ಲಿ ಬೇಸಗೆಯಲ್ಲಿ ಓದತಕ್ಕ ಹದಿನೈದು ಪುಸ್ತಕಗಳ ಪಟ್ಟಿಯು ಅಚ್ಚಾಯಿತು. ಅವುಗಳಲ್ಲಿ ಹತ್ತು ಪುಸ್ತಕಗಳು ಲೋಕದಲ್ಲಿಯೇ ಇರಲಿಲ್ಲ! ಬರೆದವರು ಯಂತ್ರವನ್ನು ಕೇಳಿ ಪಟ್ಟಿ ಮಾಡಿದ್ದರು. ಯಂತ್ರವು ನಿಜವಾದ ಲೇಖಕರ ಹೆಸರಿನೊಡನೆ ಇಲ್ಲದ ಪುಸ್ತಕಗಳನ್ನು ಹುಟ್ಟಿಸಿ ಕೊಟ್ಟಿತು. ಇಲ್ಲದ ಪುಸ್ತಕವನ್ನು ಕೇಳಿಕೊಂಡು ಬಂದವರಿಗೆ "ಇದು ಇಲ್ಲ" ಎಂದು ಹೇಳಲು ಈಗ ಗ್ರಂಥಪಾಲಕರೇ ಬೇಕು. ಇವರ ಕೆಲಸವು ಮುಗಿಯಿತೆಂದವರಿಗೆ ಇದೇ ಉತ್ತರ.

ನಮ್ಮ ನಾಡಿನ ಸಂಗತಿಯೇನು? ಕರ್ನಾಟಕದಲ್ಲಿ ೨೦೨೦ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು ಆರಂಭವಾಗಿ, ಮೊಬೈಲಿನಲ್ಲಿಯೇ ಪುಸ್ತಕಗಳನ್ನು ಓದುವ ಅನುಕೂಲವಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಕೋವಿಡ್ಡಿನಿಂದ ಶಾಲೆಗಳು ಮುಚ್ಚಿದ್ದಾಗ, ಹಳ್ಳಿಯ ಮಕ್ಕಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಕರೆತರುವ "ಓದುವ ಬೆಳಕು" ಕಾರ್ಯಕ್ರಮವು ಮೊದಲಾಯಿತು. ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುವ ಈ ಗ್ರಂಥಾಲಯಗಳ ಮೇಲ್ವಿಚಾರಕರ ಕೈಯಲ್ಲಿ ಫೋನು ಉಂಟು. ಊರಿನ ಹಿರಿಯರ ತಲೆಯಲ್ಲಿ ಕೆರೆಯ ಕಥೆ, ಜಾತ್ರೆಯ ಕಥೆ, ಹಳೆಯ ಶಾಲೆಯ ಕಥೆಗಳುಂಟು. ಇವೆರಡನ್ನೂ ಕೂಡಿಸಲು ದೊಡ್ಡ ಹಣವು ಬೇಡ. ಕೇಳುವ ಮನಸ್ಸು ಬೇಕು. ಆದರೆ ಫೋನಿಲ್ಲದವನು ನಡೆದುಕೊಂಡು ಬಂದಾಗ ಅವನಿಗೂ ಬಾಗಿಲು ತೆರೆದಿರಬೇಕೆಂಬುದನ್ನು ಮಾತ್ರ ಮರೆಯಬಾರದು.

ಈ ಲೇಖನಕ್ಕೆ ಕುಳಿತಾಗ ನಮಗೆ ನಮ್ಮ ಮೇಲೆಯೇ ನಾಚಿಕೆಯಾಯಿತು. ವಾಷಿಂಗ್ಟನ್ನಿನವರು ಲೋಕವನ್ನೇ ಕೇಳಿದರು. ನಾವು ನಮ್ಮ ನಂಟರನ್ನಾದರೂ ಕೇಳಿದೆವೆ? ಪಟವನ್ನು ಇಳಿಸಿ, ಧೂಳನ್ನು ಒರೆಸಿ, ಫೋನಿನಲ್ಲಿ ಅದರ ನಕಲನ್ನು ತೆಗೆದು ಬಂಧುಗಳೆಲ್ಲರಿಗೂ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದೆವು. ಮೂರು ದಿನ ಯಾರೂ ಮಾತನಾಡಲಿಲ್ಲ. ನಾಲ್ಕನೆಯ ದಿನ ತೀರ್ಥಹಳ್ಳಿಯ ಕಡೆಯ ನಮ್ಮ ಸೋದರತ್ತೆಯವರು, ಎಂಬತ್ತಾರು ವರ್ಷದವರು, ಮೊಮ್ಮಗಳ ಕೈಯಲ್ಲಿ ಫೋನು ಮಾಡಿಸಿದರು. "ಅವರು ನಮ್ಮ ಬಂಧುಗಳಲ್ಲವೋ, ನೆರೆಮನೆಯವರು. ಮದುವೆಯ ನಾಲ್ಕು ದಿನವೂ ಅಡಿಗೆಯ ಮನೆಯಲ್ಲಿ ನಿಂತು ಎಲ್ಲವನ್ನೂ ಮಾಡಿಸಿದರು. ಪಟಕ್ಕೆ ಬಾರೆನೆಂದವರನ್ನು ನಿಮ್ಮಜ್ಜಿಯೇ ಕೈಹಿಡಿದು ಎಳೆದು ತಂದು ನಿಲ್ಲಿಸಿದ್ದು" ಎಂದರು. ಹೆಸರನ್ನೂ ಹೇಳಿದರು. ಪಟದ ಹಿಂದೆ ಅದನ್ನು ಪೆನ್ಸಿಲಿನಿಂದ ಬರೆದಿಟ್ಟಿರುವೆವು. ಅವರ ಮನೆಯವರ ಅಪ್ಪಣೆಯನ್ನು ಪಡೆಯದುದರಿಂದ ಇಲ್ಲಿ ಅಚ್ಚು ಹಾಕಿಸಿಲ್ಲ.

ವಾಚಕರು ಇಂದು ರಾತ್ರಿ ಊಟವಾದ ಮೇಲೆ ತಮ್ಮ ಮನೆಯ ಪಟವನ್ನೂ ಗೋಡೆಯಿಂದ ಇಳಿಸಲಿ. ಹೇಳಬಲ್ಲವರು ಮನೆಯಲ್ಲಿಯೇ ಇದ್ದರೆ ಅವರ ಬಳಿಯಲ್ಲಿ ಕುಳಿತು ಕೇಳಲಿ. ದೂರದಲ್ಲಿದ್ದರೆ ಫೋನಿನಲ್ಲಿ ಕೇಳಲಿ. ಕೇಳಿದುದನ್ನು ಬರೆದಿಡಲಿ. ಊರಿಗೆ ಸೇರಿದ ಸಂಗತಿಯಾದರೆ ಊರಿನ ಪುಸ್ತಕಾಲಯಕ್ಕೂ ಒಂದು ಪ್ರತಿಯನ್ನು ಕೊಡಲಿ. ಹೇಳುವವರು ಇರುವಾಗಲೇ ಕೇಳಬೇಕು.